ಸ್ಟ್ರೋಕ್ ಆದ್ಮೇಲೆ ಅಫೇಸಿಯಾ: ಸಂವಹನ ಎಷ್ಟು ಉಳಿದಿದೆ, ಎಷ್ಟು ವಾಪಸ್ ಬಂದಿದೆ ಅಂತ ಅಳೆಯೋದು ಹೇಗೆ

ಸ್ಟ್ರೋಕ್ ಆದೋರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ರಿಗೆ ಶುರುವಿನ ದಿನಗಳಲ್ಲಿ ಅಫೇಸಿಯಾ ಇರತ್ತೆ. ಅಂದ್ರೆ ಮಾತಾಡೋದು, ಬೇರೆಯವ್ರು ಹೇಳಿದ್ದು ತಿಳ್ಕೊಳ್ಳೋದು, ಓದೋದು, ಬರೆಯೋದು ಇದ್ರಲ್ಲಿ ಕೆಲವೋ ಎಲ್ಲವೋ ಕೆಟ್ಟಿರತ್ತೆ, ಹೆಚ್ಚಿನ ಜನಕ್ಕೆ ಮಿದುಳಿನ ಎಡಭಾಗಕ್ಕೆ ಏಟು ಬಿದ್ದಿರೋದ್ರಿಂದ. ಬುದ್ಧಿ ಹೋಗಿದೆ ಅಂತ ಇದರ ಅರ್ಥ ಅಲ್ವೇ ಅಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೇನೇ.

ಈಗ ಅಳೆಯೋ ವಿಷಯಕ್ಕೆ ಬರೋಣ. ಟೆಸ್ಟ್‌ನಲ್ಲಿ ಒಂದೇ ಸ್ಕೋರ್ ತಗೊಂಡ ಇಬ್ರನ್ನ ತಗೊಳ್ಳಿ. ಒಬ್ರು ನಾಲ್ಕು ಪದ, ಕೈಸನ್ನೆ, ಒಂದು ಪೆನ್ನು, ಮುಖಭಾವ ಇಷ್ಟರಲ್ಲೇ ತಮಗೆ ಬೇಕಾದ್ದನ್ನ ಎದುರಿನವ್ರಿಗೆ ತಲುಪಿಸಿಬಿಡ್ತಾರೆ, ಇನ್ನೊಬ್ರು ಪದ ಸಿಗದಿದ್ದ ತಕ್ಷಣ ಕಣ್ಣು ಕೆಳಗೆ ಹಾಕಿ ಸುಮ್ನಾಗ್ತಾರೆ. ಭಾಷೆ ಟೆಸ್ಟ್ ಇವರಿಬ್ರನ್ನೂ ಒಂದೇ ಅನ್ನತ್ತೆ. ಅದಕ್ಕೇ ನಾನು ಮತ್ತೆ ಮತ್ತೆ ಹೇಳೋದು, ಭಾಷೆ ಬೇರೆ ಅಳೀರಿ, ಸಂವಹನ ಬೇರೆ ಅಳೀರಿ, ಒಂದರ ಅಂಕ ನೋಡಿ ಇನ್ನೊಂದನ್ನ ಊಹೆ ಮಾಡ್ಬೇಡಿ. ಇದು ಸ್ಪೀಚ್ ಥೆರಪಿ ಓದ್ತಿರೋರಿಗೂ ಉಪಯೋಗ ಆಗ್ಲಿ, ಮನೇಲಿ ಅಫೇಸಿಯಾ ಇರೋರನ್ನ ನೋಡ್ಕೊಳ್ತಿರೋರಿಗೂ ಅರ್ಥ ಆಗ್ಲಿ ಅಂತ ಬರೀತಿದೀನಿ. ಪೂರ್ತಿ ಟೆಸ್ಟ್ ಮಾಡೋದು ತರಬೇತಿ ಆದವ್ರ ಕೆಲಸ, ಆದ್ರೆ ಅಳತೆ ಸರಿಯಾಗಿ ಆಗ್ತಿದ್ಯಾ ಅಂತ ಕೇಳೋ ಹಕ್ಕು ಮನೆಯವ್ರಿಗೂ ಇದೆ.

ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮೊದ್ಲು ತೀರ್ಮಾನ ಮಾಡಿ

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ತಂದ ಐಸಿಎಫ್ ಅನ್ನೋ ಚೌಕಟ್ಟು ಇಲ್ಲಿ ತುಂಬಾ ಸಹಾಯ ಮಾಡತ್ತೆ. ಅದು ತೊಂದರೆಯನ್ನ ಬೇರೆ ಬೇರೆ ಮಟ್ಟದಲ್ಲಿ ನೋಡು ಅನ್ನತ್ತೆ. ಪದ ನೆನಪಿಗೆ ಬರ್ತಿದ್ಯಾ, ವಾಕ್ಯ ಅರ್ಥ ಆಗ್ತಿದ್ಯಾ ಅನ್ನೋದು ಒಂದು ಮಟ್ಟ. ಫೋನ್‌ನಲ್ಲಿ ಅಪಾಯಿಂಟ್‌ಮೆಂಟ್ ಬದಲಾಯಿಸೋಕ್ಕೆ ಆಗತ್ತಾ, ನೋವು ಎಲ್ಲಿದೆ ಅಂತ ಡಾಕ್ಟ್ರಿಗೆ ತಿಳಿಸೋಕ್ಕೆ ಆಗತ್ತಾ ಅನ್ನೋದು ಇನ್ನೊಂದು. ಸ್ನೇಹಿತರ ಜೊತೆ ಕೂರೋದು, ಕೆಲಸಕ್ಕೆ ವಾಪಸ್ ಹೋಗೋದು, ಮನೆ ತೀರ್ಮಾನಗಳಲ್ಲಿ ಭಾಗವಹಿಸೋದು ಮೂರನೇದು. ಇದೆಲ್ಲದರ ಮೇಲೆ ಸುತ್ತಲಿನ ಜನ, ಜಾಗ, ಗಲಾಟೆ ಇವೂ ಪ್ರಭಾವ ಬೀರ್ತಾವೆ.

ನೀವು ಅಳೀತಿರೋದು ಯಾಕೆ? ಅಫೇಸಿಯಾ ಇದ್ಯೋ ಇಲ್ವೋ ಅಂತ ತಿಳಿಯೋಕ್ಕಾದ್ರೆ ಚಿಕ್ಕ ಸ್ಕ್ರೀನಿಂಗ್ ಸಾಕು. ಪಮೆಲಾ ಎಂಡರ್ಬಿ ಮತ್ತೆ ಜೊತೆಯವ್ರು 1987ರಲ್ಲಿ ತಂದ ಫ್ರೆಂಚೇ ಅಫೇಸಿಯಾ ಸ್ಕ್ರೀನಿಂಗ್ ಟೆಸ್ಟ್ ಹತ್ತು ನಿಮಿಷದೊಳಗೆ ಮುಗಿಯತ್ತೆ, ಸ್ಪೀಚ್ ಥೆರಪಿಸ್ಟ್ ಅಲ್ಲದ ಡಾಕ್ಟ್ರು, ನರ್ಸುಗಳೂ ಮಾಡ್ಲಿ ಅಂತಾನೇ ಮಾಡಿರೋದು. ಥೆರಪಿ ಎಲ್ಲಿಂದ ಶುರು ಮಾಡ್ಬೇಕು ಅಂತ ತಿಳಿಯೋಕ್ಕಾದ್ರೆ ವಿವರವಾದ ಭಾಷೆ ಟೆಸ್ಟ್ ಬೇಕು. ಥೆರಪಿಯಿಂದ ಬದುಕಲ್ಲಿ ಏನಾದ್ರೂ ಬದಲಾಯ್ತಾ ಅನ್ನೋದಕ್ಕೆ ಸಂವಹನದ ಅಳತೆಯೇ ಬೇಕು, ಬೇರೆ ದಾರಿ ಇಲ್ಲ.

ಹಂತ 2: ಟೆಸ್ಟ್ ಪುಸ್ತಕ ತೆಗೆಯೋಕ್ಕೆ ಮುಂಚೆ

ಇದನ್ನ ಆತುರದಲ್ಲಿ ಬಿಟ್ಟುಬಿಡೋರೇ ಜಾಸ್ತಿ, ಆಮೇಲೆ ಅಳತೇನೇ ತಪ್ಪಾಗತ್ತೆ. ಕನ್ನಡಕ ಹಾಕಿದ್ದಾರಾ, ಕಿವಿ ಕೇಳ್ತಿದ್ಯಾ, ಹಿಯರಿಂಗ್ ಏಡ್ ಇದ್ರೆ ಆನ್ ಆಗಿದ್ಯಾ, ಹಲ್ಲಿನ ಸೆಟ್ ಇದ್ರೆ ಹಾಕ್ಕೊಂಡಿದ್ದಾರಾ ನೋಡಿ. ಎಡಭಾಗದ ಸ್ಟ್ರೋಕ್‌ನಲ್ಲಿ ಕೆಲವ್ರಿಗೆ ಎರಡೂ ಕಣ್ಣಿನ ಬಲಗಡೆ ನೋಟ ಹೋಗಿರತ್ತೆ, ಆಗ ಚಿತ್ರಗಳನ್ನ ಅಡ್ಡಸಾಲಲ್ಲಿ ಇಟ್ರೆ ಬಲಗಡೆದು ಕಾಣೋದೇ ಇಲ್ಲ, ನಾವು ಪದ ಅರ್ಥ ಆಗ್ಲಿಲ್ಲ ಅಂತ ಬರ್ಕೊಂಡ್‌ಬಿಡ್ತೀವಿ. ಮೇಲಿಂದ ಕೆಳಗೆ ಸಾಲಾಗಿಟ್ಟು ಅವ್ರಿಗೆ ಚೆನ್ನಾಗಿ ಕಾಣೋ ಕಡೆ ಹಿಡೀರಿ. ಬಲಗೈ ಬಿದ್ದೋಗಿದ್ರೆ ಎಡಗೈಲಿ ಬರೆದ ಅಕ್ಷರದ ಅಂದ ನೋಡಿ ಬರವಣಿಗೆಗೆ ಅಂಕ ಕಡಿಮೆ ಮಾಡ್ಬಾರ್ದು.

ತೊದಲು ಮಾತನ್ನ ಅಫೇಸಿಯಾ ಅಂದ್ಕೋಬೇಡಿ. ಬಾಯಿ ಸ್ನಾಯುಗಳ ಬಲ ಹೋಗಿ ಮಾತು ಅಸ್ಪಷ್ಟ ಆಗೋದು ಡಿಸಾರ್ಥ್ರಿಯಾ, ಅಂಥವ್ರು ಬರೆದು ಸರಿಯಾಗಿ ಹೇಳಬಲ್ಲರು. ಉಚ್ಚಾರಣೆಯ ಚಲನೆಯನ್ನ ಮಿದುಳು ಯೋಜಿಸೋಕ್ಕಾಗದೆ ತಡವರಿಸೋದು ಅಪ್ರಾಕ್ಸಿಯಾ. ಇವು ಅಫೇಸಿಯಾ ಜೊತೆಗೂ ಬರಬಹುದು, ಹಾಗಾಗಿ ಯಾವ್ದು ಎಷ್ಟು ಅಂತ ಬೇರೆ ಮಾಡಿ ಬರೀಬೇಕು.

ಸ್ಟ್ರೋಕ್‌ಗೆ ಮುಂಚೆ ಅವ್ರು ಯಾವ್ಯಾವ ಭಾಷೆ ಎಲ್ಲೆಲ್ಲಿ ಬಳಸ್ತಿದ್ರು, ಎಷ್ಟು ಓದಿದ್ರು, ಜಾಸ್ತಿ ಮಾತಾಡೋರಾ ಕಡಿಮೆ ಮಾತಾಡೋರಾ ಅಂತ ಮನೆಯವ್ರ ಹತ್ರ ಕೇಳಿ. ಓದು ಬರಹ ಕಲೀದೇ ಇದ್ದವ್ರಿಗೆ ಓದೋ ಟೆಸ್ಟ್ ಕೊಟ್ಟು ಸೊನ್ನೆ ಹಾಕೋದು ಅನ್ಯಾಯ. ಎರಡು ಮೂರು ಭಾಷೆ ಗೊತ್ತಿರೋರಿಗೆ ಒಂದು ಭಾಷೆ ಬೇಗ ವಾಪಸ್ ಬಂದು ಇನ್ನೊಂದು ಹಿಂದೆ ಉಳೀಬಹುದು, ಎಲ್ಲದರಲ್ಲೂ ನೋಡ್ಬೇಕು. ಮಿಷೆಲ್ ಪಾರಾಡಿಸ್ 1987ರಲ್ಲಿ ತಂದ ಬೈಲಿಂಗ್ವಲ್ ಅಫೇಸಿಯಾ ಟೆಸ್ಟ್ ಇದಕ್ಕಂತಾನೇ ಇರೋದು. ಟೆಸ್ಟನ್ನ ಕೂತಲ್ಲೇ ಬಾಯಲ್ಲಿ ಅನುವಾದ ಮಾಡಿ ಕೇಳ್ಬೇಡಿ, ಒಂದು ಭಾಷೇಲಿ ಸುಲಭ ಇರೋ ಪದ ಇನ್ನೊಂದ್ರಲ್ಲಿ ಅಪರೂಪದ್ದಾಗಿರತ್ತೆ, ಆಗ ಅಂಕಕ್ಕೆ ಬೆಲೆ ಇರಲ್ಲ.

ಸಮಯದ ವಿಷಯ: ಮೊದಲ ದಿನಗಳಲ್ಲಿ ಸ್ಥಿತಿ ಬೆಳಗ್ಗೆ ಒಂಥರಾ ಸಂಜೆ ಒಂಥರಾ ಇರತ್ತೆ, ಆಗ ಹಾಸಿಗೆ ಪಕ್ಕ ಚಿಕ್ಕದಾಗಿ ನೋಡಿ ಬಿಡಿ. ಪೂರ್ತಿ ಟೆಸ್ಟನ್ನ ಸ್ಥಿತಿ ಒಂದು ಹದಕ್ಕೆ ಬಂದ್ಮೇಲೆ ಮಾಡಿ. ಸುಸ್ತು ಬೇಗ ಆಗತ್ತೆ, ಹಾಗಾಗಿ ಒಂದೇ ಸಲ ಕೂರಿಸ್ದೆ ಅರ್ಧರ್ಧ ಗಂಟೆಯಂತೆ ಬೇರೆ ಬೇರೆ ದಿನ ಮಾಡಿದ್ರೆ ಒಳ್ಳೇದು. ಒಪ್ಪಿಗೆ ಅವ್ರನ್ನೇ ಕೇಳಿ, ಚಿಕ್ಕ ವಾಕ್ಯ, ಚಿತ್ರ, ಬರೆದ ಮುಖ್ಯ ಪದ ಎಲ್ಲಾ ಬಳಸಿ ಕೇಳಿ. ಅವ್ರ ಎದುರಿಗೇ ಮನೆಯವ್ರ ಹತ್ರ "ಇವ್ರು ಊಟ ಮಾಡಿದ್ರಾ" ಅಂತ ಕೇಳೋದು, ಮಗೂಗೆ ಮಾತಾಡ್ಸೋ ಥರ ರಾಗ ಎಳೆಯೋದು ದಯವಿಟ್ಟು ಬೇಡ.

ಹಂತ 3: ಅವ್ರ ಹೌದು ಹೌದೇನಾ, ಅಲ್ಲ ಅಲ್ಲಾನೇನಾ

ಮುಂದಿನದೆಲ್ಲ ನಿಂತಿರೋದು ಇದರ ಮೇಲೆ. ಅಫೇಸಿಯಾ ಇರೋರು ಅಲ್ಲ ಅನ್ನೋಕ್ಕೆ ಹೋಗಿ ಹೌದು ಅನ್ನೋದು, ತಲೆ ಒಂದು ಕಡೆ ಆಡಿಸಿ ಬಾಯಲ್ಲಿ ಇನ್ನೊಂದು ಹೇಳೋದು ತುಂಬಾ ಸಾಮಾನ್ಯ. ಹಾಗಾಗಿ ಉತ್ತರ ನಿಮಗೆ ಖಚಿತವಾಗಿ ಗೊತ್ತಿರೋ 10 ಪ್ರಶ್ನೆ ಮಾಡ್ಕೊಳ್ಳಿ, 5ಕ್ಕೆ ಹೌದು, 5ಕ್ಕೆ ಅಲ್ಲ ಬರೋ ಹಾಗೆ, ಕಲಸಿ ಕೇಳಿ. "ನಿಮ್ಮ ಹೆಸ್ರು ಇಂಥದ್ದಾ", "ಈಗ ನಾವು ಆಸ್ಪತ್ರೇಲಿ ಇದೀವಾ", "ಮಧ್ಯಾಹ್ನ ಆದ್ಮೇಲೆ ಬೆಳಗ್ಗೆ ಬರತ್ತಾ" ಈ ಥರ, ಸುಲಭದಿಂದ ಕಷ್ಟಕ್ಕೆ.

ಸುಮ್ನೆ ಗುರಿಯಿಲ್ದೆ ಊಹಿಸಿದ್ರೂ 10ಕ್ಕೆ 5 ಸರಿ ಬರತ್ತೆ, ಇದನ್ನ ಮರೀಬೇಡಿ. ಊಹೆ ಮೇಲೇ 8 ಅಥವಾ ಜಾಸ್ತಿ ಬರೋ ಸಾಧ್ಯತೆ ಶೇ. 5ರ ಆಸುಪಾಸು, 9 ಅಥವಾ 10 ಬರೋದು ಸುಮಾರು ಶೇ. 1. ಅಂದ್ರೆ 9 ಬಂದ್ರೆ ನಂಬಬಹುದು, 6 ಬಂದ್ರೆ "ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ" ಅಂತ ಸಮಾಧಾನ ಮಾಡ್ಕೊಳ್ಳೋ ಹಾಗಿಲ್ಲ. ಬಾಯಲ್ಲಿ ಸರಿ ಬರ್ತಿಲ್ಲ ಅಂದ್ರೆ ತಲೆ ಆಡಿಸೋದು, ಹೆಬ್ಬೆರಳು ಮೇಲೆ ಕೆಳಗೆ ತೋರಿಸೋದು, ಸರಿ ತಪ್ಪು ಗುರುತಿರೋ ಕಾರ್ಡ್ ಮುಟ್ಟೋದು ಹೀಗೆ ಒಂದೊಂದನ್ನೂ ಪರೀಕ್ಷೆ ಮಾಡಿ, ಯಾವುದು ನಂಬಿಕಸ್ತವೋ ಅದನ್ನ ದೊಡ್ಡದಾಗಿ ಬರೆದು ಎಲ್ರಿಗೂ ತಿಳಿಸಿ. ಔಷಧಿ, ಆಪರೇಷನ್, ಆಸ್ತಿ ಇಂಥ ತೀರ್ಮಾನಗಳಲ್ಲಿ ಅವ್ರ ಮಾತನ್ನ ಯಾರಾದ್ರೂ ನಂಬಬೇಕಾದ್ರೆ ಈ ಒಂದು ಮಾಹಿತಿ ಬೇಕೇ ಬೇಕು.

ಹಂತ 4: ಭಾಷೆ ಟೆಸ್ಟ್

ಹೆಚ್ಚು ಬಳಕೆಯಲ್ಲಿರೋದು ಆಂಡ್ರ್ಯೂ ಕರ್ಟೆಸ್ ಅವ್ರ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ, ಎಲ್ರೂ ವ್ಯಾಬ್ ಅಂತಾರೆ, ಕನ್ನಡಕ್ಕೆ ಅಳವಡಿಸಿದ ಆವೃತ್ತೀನೂ ಇದೆ. ಇದ್ರಿಂದ ಬರೋ ಮುಖ್ಯ ಅಂಕ ಅಫೇಸಿಯಾ ಕೋಷಂಟ್, 100ಕ್ಕೆ. ಲೆಕ್ಕ ಹೀಗೆ: ಸಹಜ ಮಾತಿಗೆ 20 (ವಿಷಯ ಎಷ್ಟು ತಲುಪ್ತು ಅನ್ನೋದಕ್ಕೆ 10, ಸರಾಗತೆಗೆ 10), ಕೇಳಿ ಅರ್ಥ ಮಾಡ್ಕೊಳ್ಳೋದಕ್ಕೆ 10, ಹೇಳಿದ್ದನ್ನ ಪುನಃ ಹೇಳೋದಕ್ಕೆ 10, ಹೆಸರಿಸೋದಕ್ಕೆ 10, ಒಟ್ಟು 50, ಅದನ್ನ ಎರಡರಿಂದ ಗುಣಿಸೋದು. ಉದಾಹರಣೆಗೆ ಒಬ್ರಿಗೆ ವಿಷಯಕ್ಕೆ 7, ಸರಾಗತೆಗೆ 4, ಅರ್ಥಕ್ಕೆ 8.2, ಪುನರುಚ್ಚಾರಕ್ಕೆ 5.6, ಹೆಸರಿಗೆ 6.1 ಬಂತು ಅಂತಿಟ್ಕೊಳ್ಳಿ, ಕೂಡಿದ್ರೆ 30.9, ಎರಡರಷ್ಟು ಮಾಡಿದ್ರೆ 61.8. 25ರವರೆಗೆ ಅತಿ ತೀವ್ರ, 50ರವರೆಗೆ ತೀವ್ರ, 75ರವರೆಗೆ ಮಧ್ಯಮ, ಅದರ ಮೇಲೆ ಸೌಮ್ಯ ಅಂತ ವಿಂಗಡಣೆ, ಹಾಗಾಗಿ ಇವ್ರದು ಮಧ್ಯಮ. ಅರ್ಥ ಚೆನ್ನಾಗಿದೆ, ಮಾತು ತಡವರಿಸತ್ತೆ, ಪುನರುಚ್ಚಾರ ಕಷ್ಟ, ಅಫೇಸಿಯಾದಲ್ಲಿ ಈ ಥರದ್ದನ್ನ ಬ್ರೋಕಾ ಮಾದರಿ ಅಂತಾರೆ.

93.8ಕ್ಕಿಂತ ಕಡಿಮೆ ಬಂದ್ರೆ ಅಫೇಸಿಯಾ ಇದೆ ಅಂತ ಲೆಕ್ಕ. ಆದ್ರೆ 95 ಬಂದ ವ್ಯಕ್ತಿ "ಮೀಟಿಂಗ್‌ನಲ್ಲಿ ಪದ ಸಿಗಲ್ಲ, ನಾಲ್ಕು ಜನ ಒಟ್ಟಿಗೆ ಮಾತಾಡಿದ್ರೆ ನಂಗೆ ಹಿಡಿಯೋಕ್ಕಾಗಲ್ಲ" ಅಂದ್ರೆ ಅವ್ರ ಮಾತನ್ನ ನಂಬಿ, ಟೆಸ್ಟ್ ಅಷ್ಟು ಸೂಕ್ಷ್ಮ ಇಲ್ಲ ಅಷ್ಟೇ. ಹಾಗೇ 61.8 ಅನ್ನೋ ಒಂದೇ ಅಂಕಿ ಬರೆದು ಫೈಲ್ ಮುಚ್ಚಬೇಡಿ, ಒಳಗಿನ ಭಾಗಗಳ ಅಂಕವೇ ಥೆರಪಿಗೆ ದಾರಿ ತೋರಿಸೋದು. ಗುಡ್‌ಗ್ಲಾಸ್ ಮತ್ತೆ ಕಪ್ಲಾನ್ ಅವ್ರ ಬಾಸ್ಟನ್ ಟೆಸ್ಟ್, 2004ರಲ್ಲಿ ಬಂದ ಕಾಂಪ್ರಹೆನ್ಸಿವ್ ಅಫೇಸಿಯಾ ಟೆಸ್ಟ್ ಇವೂ ಒಳ್ಳೇವೇ. ಯಾವ್ದು ನಿಮ್ಮ ಭಾಷೇಲಿ ಸರಿಯಾಗಿ ಅಳವಡಿಸಿ ಲಭ್ಯ ಇದ್ಯೋ ಅದನ್ನೇ ತಗೊಳ್ಳಿ.

ಹಂತ 5: ಮಾತಿನ ಸ್ಯಾಂಪಲ್

ಒಂದು ಘಟನೆಯ ಚಿತ್ರ ತೋರ್ಸಿ ಏನಾಗ್ತಿದೆ ಹೇಳಿ ಅನ್ನಿ, ಒಂದು ಕೆಲಸ ಹೇಗೆ ಮಾಡೋದು ಅಂತ ವಿವರಿಸೋಕ್ಕೆ ಹೇಳಿ, ಅವ್ರದೇ ಒಂದು ಅನುಭವ ಕೇಳಿ, ರೆಕಾರ್ಡ್ ಮಾಡಿ. ಒಂದೇ ಚಿತ್ರದ ಮೇಲೆ ನಿಲ್ಲಬೇಡಿ, ಚಿಕ್ಕ ಸ್ಯಾಂಪಲ್ ದಿನದಿಂದ ದಿನಕ್ಕೆ ತುಂಬಾ ಏರುಪೇರಾಗತ್ತೆ. ಆಮೇಲೆ ಕೇಳಿ ಬರ್ಕೊಂಡು ಪದ ಎಣಿಸಿ. ನಿಕೋಲಸ್ ಮತ್ತೆ ಬ್ರುಕ್‌ಶೈರ್ 1993ರಲ್ಲಿ ಕೊಟ್ಟ ವಿಧಾನದಲ್ಲಿ, ಅರ್ಥ ಆಗೋ, ವಿಷಯಕ್ಕೆ ಸಂಬಂಧಪಟ್ಟ, ನಿಜವಾದ, ಹೊಸ ಮಾಹಿತಿ ಕೊಡೋ ಪದಗಳನ್ನ ಮಾತ್ರ ಲೆಕ್ಕಕ್ಕೆ ತಗೋತಾರೆ, ವ್ಯಾಕರಣ ತಪ್ಪಿದ್ರೂ ಪರವಾಗಿಲ್ಲ. "ಅದೇ... ಅದು... ಏನದು... ಹೂಂ" ಇವು ಬರಲ್ಲ. "ಹೆಂಗಸು ಬಿದ್ದ" ಅಂತ ಕ್ರಿಯಾಪದದ ಕೊನೆ ತಪ್ಪಿದ್ರೂ ಎರಡೂ ಪದ ಲೆಕ್ಕಕ್ಕೆ ಬರತ್ತೆ, ವಿಷಯ ತಲುಪ್ತಲ್ಲ.

3 ನಿಮಿಷದಲ್ಲಿ 96 ಪದ, ಅದ್ರಲ್ಲಿ 48 ಮಾಹಿತಿ ಪದ ಅಂದ್ರೆ ಶೇ. 50, ನಿಮಿಷಕ್ಕೆ 16. ಎರಡನ್ನೂ ಬರ್ಕೊಳ್ಳಿ, ಯಾಕಂದ್ರೆ ಒಬ್ರು ಕಡಿಮೆ ಮಾತಾಡಿ ಎಲ್ಲಾ ಸರಿ ಹೇಳಬಹುದು, ಇನ್ನೊಬ್ರು ಹರಳು ಹುರಿದಂತೆ ಮಾತಾಡಿ ಏನೂ ತಲುಪಿಸದೇ ಇರಬಹುದು. ಕನ್ನಡದಲ್ಲಿ ಎಣಿಸೋರಿಗೆ ಒಂದು ಎಚ್ಚರಿಕೆ: ನಮ್ಮಲ್ಲಿ "ಹೋಗ್ಬೇಕಾಗಿತ್ತು" ಅನ್ನೋದು ಒಂದೇ ಪದ, ಇಂಗ್ಲಿಷ್‌ನಲ್ಲಿ ಅದು ಮೂರ್ನಾಲ್ಕು ಪದ, ಹಾಗಾಗಿ ಇಂಗ್ಲಿಷ್ ಪುಸ್ತಕದ ಅಂಕಿಗಳ ಜೊತೆ ಹೋಲಿಸ್ಬೇಡಿ. ಪದ ಅಂದ್ರೆ ಯಾವ್ದು ಅಂತ ಮೊದ್ಲೇ ನಿಯಮ ಬರ್ದಿಟ್ಕೊಂಡು ಅವ್ರ ಹಿಂದಿನ ಸ್ಯಾಂಪಲ್ ಜೊತೆ ಮಾತ್ರ ಹೋಲಿಸಿ.

ಹಂತ 6: ದಿನನಿತ್ಯದ ಸನ್ನಿವೇಶ, ಇದೇ ಮುಖ್ಯ

ಆಡ್ರಿ ಹಾಲಂಡ್ 1980ರಲ್ಲೇ ದಿನನಿತ್ಯದ ಸಂವಹನಕ್ಕೆ ಅಂತ ಕ್ಯಾಡಲ್ ಟೆಸ್ಟ್ ತಂದ್ರು, ಪದ ಬರದಿದ್ರೂ ವಿಷಯ ದಾಟಿಸಿದ್ರೆ ಅಂಕ ಕೊಡ್ಬೇಕು ಅನ್ನೋ ಯೋಚನೆ ಅಲ್ಲಿತ್ತು. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನಿಂದ ಆನೆಲ್ಟ್ ಬಂತು, ಅದ್ರಲ್ಲಿ 10 ಸನ್ನಿವೇಶ, ಆದ್ರೆ ಅದು ಬಾಯಿಮಾತನ್ನ ಮಾತ್ರ ನೋಡತ್ತೆ, ಕೈಸನ್ನೆಗೆ ಅಂಕ ಇಲ್ಲ. ಅಲ್ಲಿಂದಾನೇ 2010ರಲ್ಲಿ ಬಂದ ಸಿನಾರಿಯೋ ಟೆಸ್ಟ್ ಈ ಕೊರತೆ ತುಂಬ್ತು, ಮಾತು, ಸನ್ನೆ, ಚಿತ್ರ, ಬರಹ, ಸಂವಹನ ಪುಸ್ತಕ (ಬೆರಳಿಟ್ಟು ತೋರಿಸೋಕ್ಕೆ ಚಿತ್ರ, ಪದ ಇರೋದು) ಯಾವ್ದಾದ್ರೂ ಸರಿ, ಮುಂದೆ ಕೂತವ್ರು ಸಹಾಯ ಮಾಡ್ತಾರೆ, ಎಷ್ಟು ಸಹಾಯ ಬೇಕಾಯ್ತು ಅನ್ನೋದ್ರ ಮೇಲೆ ಅಂಕ. 18 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3, ಒಟ್ಟು 54.

ಅಫೇಸಿಯಾ ಸಂಶೋಧನೆಯಲ್ಲಿ ಎಲ್ರೂ ಒಂದೇ ಅಳತೆ ಬಳಸ್ಲಿ ಅಂತ ರೋಮಾ ಅನ್ನೋ ಅಂತಾರಾಷ್ಟ್ರೀಯ ಪ್ರಯತ್ನ ನಡೀತು, ಅದರ ಮೊದಲ ಪಟ್ಟೀಲಿ ಭಾಷೆಗೆ ವ್ಯಾಬ್‌ನ ಪರಿಷ್ಕೃತ ಆವೃತ್ತಿ, ಮನಸ್ಸಿನ ನೆಮ್ಮದಿಗೆ ಜಿಎಚ್‌ಕ್ಯೂ-12, ಜೀವನದ ಗುಣಮಟ್ಟಕ್ಕೆ ಸ್ಯಾಕಾಲ್-39 ಒಪ್ಪಿಗೆ ಆಯ್ತು, ಆದ್ರೆ ಸಂವಹನಕ್ಕೆ ಯಾವ ಅಳತೆ ಅಂತ ಒಮ್ಮತ ಬರಲೇ ಇಲ್ಲ. ಆಮೇಲೆ ಎರಡನೇ ಸುತ್ತಲ್ಲಿ ಸಿನಾರಿಯೋ ಟೆಸ್ಟ್ ಆಯ್ಕೆ ಆಯ್ತು. ಅಷ್ಟು ತಜ್ಞರಿಗೇ ಇದು ಇಷ್ಟು ಕಷ್ಟ ಆಗಿರೋದು ನೋಡಿದ್ರೆ, ಸಂವಹನ ಅನ್ನೋದು ಒಂದು ಅಂಕಿಯೊಳಗೆ ಸುಲಭಕ್ಕೆ ಕೂರೋದಲ್ಲ ಅಂತ ಗೊತ್ತಾಗತ್ತೆ.

ನಿಮ್ಮ ಭಾಷೇಲಿ ಇಂಥ ಟೆಸ್ಟ್ ಇಲ್ಲ ಅಂದ್ರೆ ಸುಮ್ನೆ ಕೂರ್ಬೇಡಿ. ಅದೇ ತತ್ವದ ಮೇಲೆ ಆ ವ್ಯಕ್ತಿಗೆ ಹೊಂದೋ 6 ಸನ್ನಿವೇಶ ಮಾಡ್ಕೊಳ್ಳಿ, ಅವ್ರನ್ನ ಕೇಳೇ ಆರಿಸಿ. ಎದೆ ನೋವ್ತಿದೆ ಅಂತ ಯಾರಿಗಾದ್ರೂ ತಿಳಿಸೋದು, ನಾಳೆ ಬರೋಕ್ಕಾಗಲ್ಲ ಬೇರೆ ದಿನ ಕೊಡಿ ಅನ್ನೋದು, ಕೊಟ್ಟ ಚಿಲ್ಲರೆ ಕಡಿಮೆ ಇದೆ ಅಂತ ತೋರಿಸೋದು, ಟಿವಿ ಸದ್ದು ಕಡಿಮೆ ಮಾಡಿ ಅನ್ನೋದು, ಹಳೇ ಸ್ನೇಹಿತನ ಆರೋಗ್ಯ ವಿಚಾರಿಸೋದು, "ನಂಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನೋದು. ಈ ಕೊನೇದನ್ನ ಯಾವತ್ತೂ ಬಿಡ್ಬೇಡಿ, ಇದು ಬಂದವ್ರು ಎಷ್ಟೋ ಕಡೆ ಬಚಾವಾಗ್ತಾರೆ.

ಅಂಕ ಹೀಗೆ ಕೊಡಿ. ತಾವೇ ಯಾವ ದಾರೀಲಾದ್ರೂ ವಿಷಯ ದಾಟಿಸಿದ್ರೆ 3. "ಕೈಯಲ್ಲಿ ತೋರಿಸಿ", "ಬರೆದು ತೋರಿಸ್ತೀರಾ" ಅಂತ ಒಂದು ಸುಳಿವು ಕೊಟ್ಟ ಮೇಲೆ ದಾಟಿಸಿದ್ರೆ 2. ನೀವು ಹೌದು-ಅಲ್ಲ ಪ್ರಶ್ನೆ ಕೇಳ್ತಾ ಕೇಳ್ತಾ ಹೊರಗೆ ತೆಗೀಬೇಕಾದ್ರೆ 1. ಅದೂ ಆಗ್ಲಿಲ್ಲ ಅಂದ್ರೆ 0. ಸುಳಿವು ಕೊಡೋಕ್ಕೆ ಮುಂಚೆ ಕನಿಷ್ಠ 10 ಸೆಕೆಂಡ್ ಸುಮ್ನಿರಿ, ಬಾಯಿಗೆ ಪದ ಬರೋಕ್ಕೆ ಟೈಮ್ ಬೇಕು, ನಮಗೆ ಆ ಮೌನ ತಡ್ಕೊಳ್ಳೋಕ್ಕಾಗದೆ ನಾವೇ ಹೇಳ್ಬಿಡ್ತೀವಿ. ಅಂಕದ ಪಕ್ಕ ಯಾವ ದಾರಿ ಬಳಸಿದ್ರು, ಎಷ್ಟು ಹೊತ್ತಾಯ್ತು ಅಂತಾನೂ ಬರೀರಿ. ಸಾಧ್ಯ ಇದ್ರೆ ವಿಷಯ ಗೊತ್ತಿಲ್ಲದ ಇನ್ನೊಬ್ರಿಗೆ ವಿಡಿಯೋ ತೋರಿಸಿ ಅಂಕ ಹಾಕ್ಸಿ, ಇಬ್ರ ಅಂಕ ದೂರ ದೂರ ಇದ್ರೆ ನಿಮ್ಮ ನಿಯಮ ಇನ್ನೂ ಸ್ಪಷ್ಟ ಆಗ್ಬೇಕು ಅಂತ. ಇದು ಪ್ರಮಾಣೀಕೃತ ಟೆಸ್ಟ್ ಅಲ್ಲ, ಬೇರೆ ರೋಗಿಗಳ ಜೊತೆ ಹೋಲಿಸೋಕ್ಕೆ ಬರಲ್ಲ, ಆ ವ್ಯಕ್ತಿಯ ಅಂದು ಇಂದು ನೋಡೋಕ್ಕೆ ಮಾತ್ರ.

ಹಂತ 7: ಮನೆಯವ್ರ ಕಣ್ಣಲ್ಲಿ, ಅವ್ರದೇ ಕಣ್ಣಲ್ಲಿ

ಕ್ಲಿನಿಕ್‌ನಲ್ಲಿ ಕಾಣೋದು ಸ್ವಲ್ಪ ಮಾತ್ರ. 1989ರಲ್ಲಿ ಲೋಮಸ್ ಮತ್ತೆ ಜೊತೆಯವ್ರು ತಂದ ಸೆಟಿ ಅನ್ನೋ ಪ್ರಶ್ನಾವಳೀಲಿ 16 ವಿಷಯ ಇದೆ: ಯಾರದಾದ್ರೂ ಗಮನ ಸೆಳೆಯೋದು, ಹೌದು-ಅಲ್ಲ ಸರಿಯಾಗಿ ಹೇಳೋದು, ಭಾವನೆ ತಿಳಿಸೋದು, ಅಪರಿಚಿತರ ಜೊತೆ ಮಾತು, ತುಂಬಾ ಜನ ಬೇಗ ಬೇಗ ಮಾತಾಡ್ತಿರುವಾಗ ಸೇರ್ಕೊಳ್ಳೋದು ಹೀಗೆ. ಒಂದು ಗೆರೆ ಇರತ್ತೆ, ಒಂದು ತುದಿ ಏನೂ ಆಗಲ್ಲ, ಇನ್ನೊಂದು ತುದಿ ಸ್ಟ್ರೋಕ್‌ಗೆ ಮುಂಚೆ ಇದ್ದಷ್ಟೇ, ಹತ್ತಿರದವ್ರು ಗುರುತು ಹಾಕ್ಬೇಕು. ಮುಂಚಿನ ವ್ಯಕ್ತಿಯ ಜೊತೆಗೇ ಹೋಲಿಕೆ ಇರೋದ್ರಿಂದ ನಂಗೆ ಇದು ತುಂಬಾ ಹಿಡಿಸತ್ತೆ, ಮೊದಲಿಂದ್ಲೂ ಮೌನಿಯಾಗಿದ್ದವ್ರನ್ನ ಇದು ರೋಗಿ ಅಂತ ತಪ್ಪು ತಿಳಿಯಲ್ಲ. ಆದ್ರೆ ಮನೆಯವ್ರ ದಣಿವು, ಆಸೆ, ಭಯ ಎಲ್ಲಾ ಆ ಗುರುತಲ್ಲಿ ಸೇರಿರತ್ತೆ. ಪ್ರತಿ ಸಲ ಅದೇ ವ್ಯಕ್ತಿ ಹಾಕ್ಲಿ, ಹೋದ ಸಲದ್ದು ತೋರಿಸ್ಬೇಡಿ.

ರೋಗಿಯ ಬದಲು ಮನೆಯವ್ರು ಉತ್ತರ ಕೊಟ್ರೆ ಅಳತೆ ಮುಗೀತು ಅಂತ ಅಲ್ಲ. ಅಫೇಸಿಯಾ ಇರೋರೂ ಸರಿಯಾದ ಆಸರೆ ಕೊಟ್ರೆ ತಮ್ಮ ಬಗ್ಗೆ ಹೇಳಬಲ್ಲರು: ಒಂದು ಪುಟಕ್ಕೆ ಒಂದೇ ಪ್ರಶ್ನೆ, ದೊಡ್ಡ ಅಕ್ಷರ, ಚಿತ್ರ, ಬೆರಳಿಟ್ಟು ತೋರಿಸೋಕ್ಕೆ ಐದು ಆಯ್ಕೆ. ಕಟೆರಿನಾ ಹಿಲಾರಿ ಮತ್ತೆ ಜೊತೆಯವ್ರು 2003ರಲ್ಲಿ ತಂದ ಸ್ಯಾಕಾಲ್-39 ಅಫೇಸಿಯಾ ಇರೋರೇ ಉತ್ತರಿಸ್ಲಿ ಅಂತ ಮಾಡಿದ್ದು. ಮನಸ್ಸು ಕುಗ್ಗಿದ್ಯಾ ಅಂತಾನೂ ನೋಡಲೇಬೇಕು, ಖಿನ್ನತೆ ಇದ್ರೆ ಮಾತಾಡೋ ಪ್ರಯತ್ನವೇ ನಿಂತೋಗಿರತ್ತೆ, ಅದನ್ನ ಅಫೇಸಿಯಾ ಜಾಸ್ತಿ ಆಗಿದೆ ಅಂತ ಓದ್ಕೊಂಡ್‌ಬಿಡಬಹುದು. ಮಾತಲ್ಲಿ ಉತ್ತರಿಸೋಕ್ಕೇ ಆಗದವ್ರಿಗೆ ನೋಡ್ಕೊಳ್ಳೋರು ಗಮನಿಸಿ ತುಂಬೋ ಎಸ್‌ಎಡಿಕ್ಯೂ ಅನ್ನೋ ಪ್ರಶ್ನಾವಳಿ ಇದೆ.

ಹಂತ 8: ಜೊತೆಗೆ ಮಾತಾಡೋರನ್ನೂ ಅಳೀರಿ

ಸಂವಹನ ಇಬ್ರ ಮಧ್ಯೆ ನಡಿಯೋದು, ಆದ್ರೆ ಅಂಕ ಮಾತ್ರ ಒಬ್ರಿಗೇ ಹಾಕ್ತೀವಿ. ಮನೆಯವ್ರ ಜೊತೆ ಹತ್ತು ನಿಮಿಷದ ಮಾತುಕತೆ ವಿಡಿಯೋ ಮಾಡಿ ನೋಡಿ, ಇಬ್ರ ಒಪ್ಪಿಗೆ ತಗೊಂಡು. ಯಾರು ವಿಷಯ ಶುರು ಮಾಡ್ತಾರೆ, ಮಾತು ಕಡಿದಾಗ ಯಾರು ಜೋಡಿಸ್ತಾರೆ, ಉತ್ತರ ಗೊತ್ತಿದ್ದೂ "ಇದೇನು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡ್ತಿದ್ದಾರಾ, ಪೆನ್ನು ಪೇಪರ್ ಮುಂದಿಡ್ತಾರಾ, ಅರ್ಥ ಆಗಿದ್ದನ್ನ ವಾಪಸ್ ಹೇಳಿ ಖಾತ್ರಿ ಮಾಡ್ಕೋತಾರಾ. ಕೆನಡಾದ ಆರಾ ಕೇಗನ್ ಈ ಆಸರೆಯ ಸಂಭಾಷಣೆ ಬಗ್ಗೆ ಕೆಲಸ ಮಾಡಿ, ಜೊತೆಗಾರರ ಕೌಶಲಕ್ಕೆ ಒಂದು, ಅಫೇಸಿಯಾ ಇರೋರ ಭಾಗವಹಿಸುವಿಕೆಗೆ ಒಂದು ಅಂತ ಎರಡು ಬೇರೆ ಅಳತೆಗಳನ್ನೇ ಮಾಡಿದ್ದಾರೆ. ಎಷ್ಟೋ ಸಲ ರೋಗಿಯ ಭಾಷೆ ಅಂಕ ಇದ್ದಲ್ಲೇ ಇದ್ರೂ ಜೊತೆಗಾರರು ಕಲಿತ ಮೇಲೆ ಮಾತುಕತೆ ಬದಲಾಗಿರತ್ತೆ, ಅದು ಭಾಷೆ ಟೆಸ್ಟ್‌ನಲ್ಲಿ ಕಾಣೋದೇ ಇಲ್ಲ.

ಹಂತ 9: ಮತ್ತೆ ಅಳೆಯೋದು, ಬರೆಯೋದು

ಥೆರಪಿಗೆ ಮುಂಚೆ ಒಂದೇ ಸಲ ಅಳೆದು ಆಮೇಲೆ ಒಂದ್ಸಲ ಅಳೆದ್ರೆ ಆ ವ್ಯತ್ಯಾಸ ಥೆರಪಿದೋ, ಒಳ್ಳೆ ದಿನದ್ದೋ ಹೇಳೋಕ್ಕಾಗಲ್ಲ. ಸನ್ನಿವೇಶಗಳನ್ನಾದ್ರೂ ಮುಂಚೆ ಮೂರು ಸಲ ಅಳೀರಿ, ಮಾಮೂಲಿ ಏರಿಳಿತ ಎಷ್ಟು ಅಂತ ಗೊತ್ತಾಗತ್ತೆ. ಕಲಿಸದೇ ಇರೋ ಒಂದೆರಡು ಸನ್ನಿವೇಶಾನೂ ಇಟ್ಕೊಳ್ಳಿ, ಅವೂ ಏರಿದ್ರೆ ಸಹಜ ಚೇತರಿಕೆ ಇರಬಹುದು ಅಥವಾ ಕಲಿತದ್ದು ಬೇರೆ ಕಡೆಗೂ ಹರಡ್ತಿರಬಹುದು. ಮೊದಲ ಮೂರು ತಿಂಗಳು ಚೇತರಿಕೆ ಜೋರಾಗಿರತ್ತೆ, ಆಮೇಲೆ ನಿಧಾನ, ಆದ್ರೆ ವರ್ಷಗಳ ಮೇಲೂ ಸುಧಾರಣೆ ಆಗತ್ತೆ, ಹಾಗಾಗಿ 3, 6, 12 ತಿಂಗಳಿಗೆ ಮತ್ತೆ ನೋಡೋದನ್ನ ನಿಲ್ಲಿಸ್ಬೇಡಿ. ಅದೇ ಹೊತ್ತು, ಅದೇ ಕೋಣೆ, ಅದೇ ವ್ಯಕ್ತಿ ಇದ್ರೆ ಹೋಲಿಕೆಗೆ ಅರ್ಥ ಬರತ್ತೆ.

ರಿಪೋರ್ಟ್‌ನಲ್ಲಿ ಬರೀ ಅಂಕಿ ಬೇಡ. "ಕೋಷಂಟ್ 61.8. ಸನ್ನಿವೇಶಗಳಲ್ಲಿ 18ಕ್ಕೆ 13, ಮುಖ್ಯವಾಗಿ ಸನ್ನೆ ಮತ್ತೆ ಮೊದಲಕ್ಷರ ಬರೆಯೋದ್ರಿಂದ. ತಲೆ ಆಡಿಸೋ ಹೌದು-ಅಲ್ಲ ನಂಬಿಕಸ್ತ, ಬಾಯಲ್ಲಿ ಹೇಳೋದು ಅಲ್ಲ. ಗುಂಪಲ್ಲಿ ಸುಮ್ನಾಗ್ತಾರೆ, ಒಬ್ರ ಜೊತೆ ಚೆನ್ನಾಗಿ ಮಾತಾಡ್ತಾರೆ" ಹೀಗೆ ಬರೆದ್ರೆ ಮುಂದಿನ ಡಾಕ್ಟ್ರು, ನರ್ಸು, ಮಕ್ಕಳು ಎಲ್ರಿಗೂ ಏನು ಮಾಡ್ಬೇಕು ಅಂತ ಗೊತ್ತಾಗತ್ತೆ. ಇದನ್ನ ಮನೆಯವ್ರಿಗೆ ಹೇಳೋಕ್ಕೆ ಮುಂಚೆ ಅಫೇಸಿಯಾ ಇರೋರ ಮುಂದೇನೇ ಕೂತು, ಒಂದೇ ಪುಟದಲ್ಲಿ ದೊಡ್ಡ ಅಕ್ಷರ, ಚಿತ್ರ ಹಾಕಿ ತೋರಿಸಿ, ಇದು ನಿಮಗೆ ಸರಿ ಅನ್ಸತ್ತಾ ಅಂತ ಕೇಳಿ. ಅವ್ರು ಅಲ್ಲ ಅಂತ ಯಾವ್ದಾದ್ರೂ ಸಾಲಿನ ಮೇಲೆ ಬೆರಳಿಟ್ರೆ, ನಿಮ್ಮ ಅಂಕದ ಪಕ್ಕದಲ್ಲೇ ಅವ್ರ ಅಭಿಪ್ರಾಯಾನೂ ಬರೀರಿ.